ಸೊಂಟನೋವು ‘ಸುಮ್ನೆ’ ಬರಲ್ಲ

ಮಾನ್ಯರೇ,

ಆರು ವರ್ಷದ ಹಿಂದೆ ಕಬ್ಬಿನ ಹೊರೆ ಎತ್ತುವಾಗ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಬೆಳಗ್ಗೆ ಚೊಂಬು ಎತ್ತಲು ಬಗ್ಗಿದರೆ ಗೋಡೆ ಹಿಡಿದೇ ಏಳಬೇಕು. ಸ್ಕ್ಯಾನಿಂಗ್ ನೋಡಿದ ವೈದ್ಯರೊಬ್ಬರು, ‘ಏನೂ ಇಲ್ಲ, ಸುಮ್ನೆ ಚಿಂತೆ ಮಾಡ್ತೀರಿ’ ಎಂದು ಕಳಿಸಿಬಿಟ್ಟರು. ಮನಸ್ಸಿಗೆ ತುಂಬಾ ನೋವಾಯಿತು.

ಚಿಂತೆಯೂ ಇದೆ, ನಿಜ. ಸಾಲ, ನಾಲೆಗೆ ನೀರು ಬರುತ್ತದೋ ಇಲ್ಲವೋ ಎಂಬ ಭಯ, ನಿದ್ದೆಯಿಲ್ಲ. ಆದರೆ ಚಿಂತೆ, ನಿದ್ದೆಗೇಡು ಜಾಸ್ತಿಯಾದವರ ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್‌ನಂಥ ಉರಿಯೂತದ ಗುರುತುಗಳೂ ಏರಬಹುದು. ಉರಿಯೂತ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಮನಸ್ಸು ಬೇರೆ, ಮೈ ಬೇರೆ ಅಲ್ಲ ಅಲ್ವಾ? ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಎಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವೇ 2020ರಲ್ಲಿ ಹೇಳಿದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂಳೆ ವೈದ್ಯರು ಬರುವ ದಿನವೇ ಆಪ್ತ ಸಮಾಲೋಚಕರೂ ಸಿಗುವಂತೆ ಮಾಡಿ.

– ಒಬ್ಬ ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ