ಬ್ಲೌಸ್ ಬಿಗಿ ಅಂತ ಜಗಳ ಆಡಿದವರಿಗೂ ಥ್ಯಾಂಕ್ಸ್

ನನಗೆ ಪೇಸ್‌ಮೇಕರ್, ಅಂದರೆ ಹೃದಯ ಸರಿಯಾಗಿ ಬಡಿಯುವ ಹಾಗೆ ನೋಡಿಕೊಳ್ಳುವ ಪುಟ್ಟ ಮಷಿನ್, ಹಾಕಿ ಮೊನ್ನೆ ಶುಕ್ರವಾರಕ್ಕೆ ಒಂದು ವರ್ಷ ಆಯಿತು. ಬ್ಯಾಟರಿ ಇನ್ನೂ 9 ವರ್ಷ ಬರುತ್ತದೆ ಎಂದರು. ನಮ್ಮ ಮನೆ ಮಿಕ್ಸಿಗೂ ಅಷ್ಟು ಗ್ಯಾರಂಟಿ ಇಲ್ಲ! ಅದೇ ಖುಷಿಯಲ್ಲಿ ಕೆಲವರನ್ನು ನೆನೆಯೋಣ ಅಂತ ಕೂತಿದ್ದೇನೆ.

ಹೋದ ವರ್ಷ ನನ್ನ ಹೊಲಿಗೆ ಅಂಗಡಿಯ ಕಟಿಂಗ್ ಟೇಬಲ್ ಪಕ್ಕದಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಆಸ್ಪತ್ರೆಯಲ್ಲಿ ನೋಡಿದರೆ ನಾಡಿ ನಿಮಿಷಕ್ಕೆ 34. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಕರೆಂಟೇ ನಿಂತಿದೆ ಎಂದ ಡಾಕ್ಟರ್, ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಮಷಿನ್ ಇಟ್ಟರು. ಅವರಿಗೆ ಮೊದಲ ನಮಸ್ಕಾರ.

ಒಂದೂವರೆ ತಿಂಗಳು ಎಡಗೈ ಭುಜದಿಂದ ಮೇಲೆ ಎತ್ತುವ ಹಾಗಿರಲಿಲ್ಲ, ಮಷಿನ್‌ನಿಂದ ಹೃದಯಕ್ಕೆ ಹೋಗುವ ವೈರ್ ಜರುಗಬಹುದಂತೆ. ಮತ್ತೆ ಜಡೆ ಹಾಕಿಕೊಳ್ಳುವುದು ಹೇಗೆ? ನನ್ನ ಓರಗಿತ್ತಿ ದಿನಾ ಬೆಳಿಗ್ಗೆ ಬಂದು ಹೆಣೆದು ಹೋದಳು. ಅದಕ್ಕೂ ಮೊದಲು ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೇ, ಸುಮ್ನೆ ಸುಳ್ಳು ಯಾಕೆ ಹೇಳಲಿ.

ಇನ್ನು ಮಷಿನ್ ಚೆಕ್ ಮಾಡುವ ಟೆಕ್ನಿಷಿಯನ್ ಹುಡುಗ. ಮೊದಲ ಸಲ ಹೋದಾಗ ನನ್ನ ಕೊರಳಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ ನೇತಾಡುತ್ತಿತ್ತು. ಹಳೇ ಸ್ಪೀಕರ್‌ನದು, ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಹೆಕ್ಕುವುದಕ್ಕೆ. ಇಪ್ಪತ್ತು ವರ್ಷದ ಅಭ್ಯಾಸ, ಅದು ಅಲ್ಲಿದೆ ಅನ್ನುವುದೇ ಮರೆತಿದ್ದೆ. "ಅಮ್ಮಾ, ಮೊದಲು ಇದನ್ನ ತೆಗೀರಿ" ಎಂದ. ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ನಮ್ಮ ಬಡಿತ ಗಮನಿಸುವುದು ಬಿಟ್ಟು ಒಂದೇ ಲೆಕ್ಕದಲ್ಲಿ ಬಡಿಸುತ್ತಾ ಹೋಗುತ್ತದಂತೆ. ದೂರ ಮಾಡಿದರೆ ಸರಿ ಹೋಗುತ್ತದಂತೆ. ಹೊಲಿಗೆ ಮೋಟಾರಿಗೂ ಎದೆಗೂ ಒಂದು ಗೇಣು ಅಂತರ ಇದ್ದರೆ ಸಾಕು. ಮೊಬೈಲ್ ಬಲಗಿವಿಗೆ, ಬ್ಲೌಸ್ ಒಳಗೆ ಮಾತ್ರ ಬೇಡ. ನನ್ನ ಮುಖ ಸಪ್ಪಗಾಗಿದ್ದು ನೋಡಿ ಒಂದು ಕಥೆಯನ್ನೂ ಹೇಳಿದ. 1958ರಲ್ಲಿ ಸ್ವೀಡನ್‌ನಲ್ಲಿ ಆರ್ನೆ ಲಾರ್ಸನ್ ಅನ್ನುವವರಿಗೆ ಮೊಟ್ಟಮೊದಲ ಬಾರಿಗೆ ಮೈಯೊಳಗೆ ಪೇಸ್‌ಮೇಕರ್ ಇಟ್ಟರಂತೆ. ಅದು ಕೆಲವೇ ಗಂಟೆಯಲ್ಲಿ ಕೆಟ್ಟಿತು. ಆಮೇಲೆ 20ಕ್ಕೂ ಜಾಸ್ತಿ ಮಷಿನ್ ಬದಲಾಯಿಸಿಕೊಂಡು ಆ ಮನುಷ್ಯ 86ನೇ ವಯಸ್ಸಿನವರೆಗೂ ಬದುಕಿದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಅಂಗಡಿ ತೆರೆದರೆ ಗಿರಾಕಿಗಳೇ ಇಲ್ಲ. "ಪಾಪ, ಹಾರ್ಟ್‌ಗೆ ಬ್ಯಾಟರಿ ಹಾಕಿದ್ದಾರೆ" ಅಂತ ಬಟ್ಟೆ ಬೇರೆ ಕಡೆ ಕೊಡುತ್ತಿದ್ದರು. ಹೊಲಿಗೆ ಹಾಕಿದ ಗಾಯಕ್ಕಿಂತ ಆ 'ಪಾಪ'ವೇ ಜಾಸ್ತಿ ನೋವಾಯಿತು. ಆಗ ಬಂದವರು ಹಿಂದಿನ ಬೀದಿಯ ಟೀಚರ್. ಗೌರಿಹಬ್ಬಕ್ಕೆ ಮೂರು ಬ್ಲೌಸ್, ಲೈನಿಂಗ್ ಸಮೇತ. ಹೇಗಿದ್ದೀರಿ ಅಂತ ಕೂಡ ಕೇಳಲಿಲ್ಲ. ಹೊಲಿದು ಕೊಟ್ಟ ಮಾರನೇ ದಿನವೇ ವಾಪಸ್ ಬಂದರು. "ಏನ್ರೀ ಇದು, ತೋಳು ಹಿಡಿಯುತ್ತೆ. ಅಳತೆ ಮರೆತುಬಿಟ್ರಾ?"

ಟೀಚರ್, ಆವತ್ತು ತೋಳಿನ ಹೊಲಿಗೆ ಬಿಚ್ಚುತ್ತಾ ಒಳಗೊಳಗೇ ನಗುತ್ತಿದ್ದೆ. ನೀವು ಬಂದು ಜಗಳ ಆಡಿದಿರಲ್ಲ, ಥ್ಯಾಂಕ್ಸ್. ಅಂದ ಹಾಗೆ, ಅಳತೆ ನಾನೇನೂ ಮರೆತಿರಲಿಲ್ಲ. ನೀವೇ ಸ್ವಲ್ಪ ದಪ್ಪ ಆಗಿದ್ದೀರಿ.