ಸದ್ದಿನ ಸಂಗೀತ: ಕೈರೋವನ್ನು ಬಿಟ್ಟು ಬರೆದ ಚರಿತ್ರೆ

ಮಾನ್ಯ ಸಂಪಾದಕರೇ,

ದಿನನಿತ್ಯದ ಸದ್ದುಗಳನ್ನು ಧ್ವನಿಮುದ್ರಿಸಿ, ಅವನ್ನೇ ಕತ್ತರಿಸಿ ಜೋಡಿಸಿ ಕಟ್ಟುವ ಪ್ರಯೋಗಶೀಲ ಸಂಗೀತದ ಬಗ್ಗೆ ನಾನು ಓದಿರುವ ಬರಹಗಳೆಲ್ಲ ಬಹುಮಟ್ಟಿಗೆ 1948ರ ಪ್ಯಾರಿಸ್‌ನಿಂದಲೇ ಆರಂಭವಾಗುತ್ತವೆ. ಫ್ರೆಂಚ್ ರೇಡಿಯೊದ ಎಂಜಿನಿಯರ್ ಪಿಯರ್ ಶೆಫರ್, ಬಾತಿನ್ಯೋಲ್ ನಿಲ್ದಾಣದ ಉಗಿಬಂಡಿಗಳ ಸದ್ದನ್ನು ಮುದ್ರಿಸಿ ರಚಿಸಿದ ಕೃತಿ ಆ ವರ್ಷದ ಅಕ್ಟೋಬರ್ 5ರಂದು ಬಿತ್ತರವಾಯಿತು. ಧ್ವನಿಮುದ್ರಣದ ಟೇಪ್ ಇನ್ನೂ ಅವರ ಕೈಗೆ ಬಂದಿರಲಿಲ್ಲ. ಎಲ್ಲವೂ ಗ್ರಾಮಫೋನ್ ತಟ್ಟೆಗಳ ಮೇಲೆಯೇ ನಡೆದ ಕೆಲಸ. ಗಂಟೆಯ ನಾದದಿಂದ ಬಡಿತದ ಮೊದಲ ಕ್ಷಣವನ್ನು ತೆಗೆದುಬಿಟ್ಟರೆ ಅದು ಗಂಟೆಯೆಂದೇ ಗುರುತು ಸಿಗದು ಎಂಬುದನ್ನು ಅವರು ಹೀಗೆ ಕಂಡುಕೊಂಡರು. ಅವರ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ.

ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, 1944ರಲ್ಲಿ, ಈಜಿಪ್ಟಿನ ಕೈರೋದಲ್ಲಿ ಹಲೀಮ್ ಎಲ್-ದಬ್ ಎಂಬ ತರುಣ, ರೇಡಿಯೊ ಕೇಂದ್ರವೊಂದರಿಂದ ಎರವಲು ಪಡೆದ ತಂತಿ ಧ್ವನಿಮುದ್ರಕದಲ್ಲಿ (ಸದ್ದನ್ನು ತೆಳುವಾದ ಉಕ್ಕಿನ ತಂತಿಯ ಮೇಲೆ ಮುದ್ರಿಸುವ ಯಂತ್ರ), ದೆವ್ವ ಬಿಡಿಸಲು ಹೆಂಗಸರು ನಡೆಸುವ 'ಝಾರ್' ಆಚರಣೆಯ ಹಾಡನ್ನು ಹಿಡಿದಿಟ್ಟು, ಸ್ಟುಡಿಯೊದಲ್ಲಿ ಅದರ ಮೂಲಸ್ವರವನ್ನು ಸೋಸಿ ತೆಗೆದು, ಉಳಿದ ಅನುರಣನಗಳಿಗೆ (ಮೂಲಸ್ವರದ ಜೊತೆಗೇ ಹುಟ್ಟುವ, ಅದಕ್ಕಿಂತ ಎತ್ತರದ ಸೂಕ್ಷ್ಮ ನಾದಗಳಿಗೆ) ಪ್ರತಿಧ್ವನಿ ಸೇರಿಸಿ ಒಂದು ಕೃತಿಯನ್ನೇ ರಚಿಸಿದ್ದರು. ಅದನ್ನು ಕೈರೋದ ಕಲಾ ಗ್ಯಾಲರಿಯಲ್ಲಿ ಕೇಳಿಸಿಯೂ ಇದ್ದರು. ಇಂದು ಲಭ್ಯವಿರುವುದು ಸುಮಾರು ಎರಡು ನಿಮಿಷಗಳ ತುಣುಕು ಮಾತ್ರ. ಮಾತು ಕರಗಿ, ಬರಿಯ ಮೊರೆತ ಉಳಿಯುವ ಆ ತುಣುಕು ಕೇಳಿದವರನ್ನು ಸುಲಭಕ್ಕೆ ಬಿಡುವುದಿಲ್ಲ.

ಯಾರು ಮೊದಲು ಎಂಬ ಪೈಪೋಟಿಗಾಗಿ ನಾನಿದನ್ನು ಬರೆಯುತ್ತಿಲ್ಲ. ಕೈರೋವನ್ನು ಬಿಟ್ಟು ಹೇಳಿದ ಚರಿತ್ರೆ, ಈ ಸಂಗೀತ ಯುರೋಪಿನ ಪ್ರಯೋಗಾಲಯದ ಕೂಸು, ನಮ್ಮ ಕಿವಿಗೆ ಒಗ್ಗದ್ದು ಎಂಬ ಭಾವನೆಯನ್ನು ಬೆಳೆಸುತ್ತದೆ. ಎಲ್-ದಬ್ ಹೊರಟದ್ದಾದರೋ ತಮ್ಮ ಊರಿನ ಆಚರಣೆಯಿಂದ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಸೇತುವೆಯ) ಮೇಲೆ ತಂತಿಯಡಿ ನೂಲೆಳೆ ಸರಿಸಿ, ಒಂದೇ ಮೀಟಿನೊಳಗಿನ ಅನುರಣನಗಳನ್ನು ಹೊರತರುವ ಸಂಪ್ರದಾಯದಲ್ಲಿ ಬೆಳೆದ ನಮಗೆ ಅವರು ಹುಡುಕುತ್ತಿದ್ದುದು ಅಪರಿಚಿತವಾಗಬೇಕಿಲ್ಲ. ನಮ್ಮ ದೇಶದಲ್ಲೂ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತ ರಚನಕಾರ ಡೇವಿಡ್ ಟ್ಯೂಡರ್ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ತಲೆಯೆತ್ತಿತ್ತು. ಅದೂ ನಮ್ಮ ಬರಹಗಳಲ್ಲಿ ಕಾಣುವುದು ಕಡಿಮೆ.

ಎಲ್-ದಬ್ 2017ರಲ್ಲಿ ತೀರಿಕೊಂಡರು. ಅವರ ಬದುಕು ಮತ್ತು ಕೃತಿಗಳ ಕುರಿತು, ಸಂಗೀತ ಬಲ್ಲವರಿಂದ ಬರೆಸಿದ ವಿಸ್ತಾರವಾದ ಲೇಖನವನ್ನು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ, ಮೈಸೂರು