ವೈನಿಗೆ ಅಂಕ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ವೈನ್ ಮೇಳಗಳಲ್ಲಿ ಬಿಸಿಲಿಗಿಟ್ಟ ಕೆಂಪು ವೈನನ್ನು ಪ್ಲಾಸ್ಟಿಕ್ ಲೋಟಕ್ಕೆ ಸುರಿದು ‘ಹೇಗಿದೆ?’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೆಚ್ಚಗಾದ ವೈನಿನಲ್ಲಿ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್. ಹಣ್ಣಿನ ಪರಿಮಳ ಅದರಡಿ ಅಡಗುತ್ತದೆ. ಕೆಂಪಿಗೆ 16–18, ಬಿಳಿಗೆ 8–12 ಡಿಗ್ರಿ ಸೆಲ್ಸಿಯಸ್ ಇರಲಿ. ಬಾಯಿ ಕಿರಿದಾದ ಗಾಜಿನ ಲೋಟಕ್ಕೆ 40–50 ಮಿ.ಲೀ. ಸಾಕು. ಅಲುಗಿಸದೆ ಒಮ್ಮೆ, ಸುತ್ತಿಸಿ ಇನ್ನೊಮ್ಮೆ ಮೂಸಬೇಕು. ನೆನೆದ ರಟ್ಟಿನ ವಾಸನೆ ಬಂದರೆ ಸಾಮಾನ್ಯವಾಗಿ ಬಿರಡೆಯಿಂದ ಇಳಿದ ಟಿಸಿಎ (ಟ್ರೈಕ್ಲೋರೋಅನಿಸೋಲ್) ಎಂಬ ರಾಸಾಯನಿಕದ ದೋಷ. ವಿನೆಗರ್ ವಾಸನೆಯಾದರೆ ಗಾಳಿ ತಾಗಿ ಅಸಿಟಿಕ್ ಬ್ಯಾಕ್ಟೀರಿಯಾ ಬೆಳೆದಿದೆ.

ಆದರೆ ನಮ್ಮ ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢ ಘಮವನ್ನೂ ದೋಷವೆಂದು ಅಂಕ ಕಳೆಯುತ್ತಾರಲ್ಲ, ಅದು ಅನ್ಯಾಯ. ಲಬ್ರುಸ್ಕಾ ಎಂಬ ಅಮೆರಿಕ ಮೂಲದ ದ್ರಾಕ್ಷಿ ಜಾತಿಯ ಗುಣವದು, ಮೀಥೈಲ್ ಆಂಥ್ರನಿಲೇಟ್ ಎಂಬ ಪರಿಮಳದ ರಾಸಾಯನಿಕದಿಂದ ಬರುವಂಥದ್ದು. ಕ್ಯಾಬರ್ನೆಯಂಥ ಯುರೋಪಿನ ದ್ರಾಕ್ಷಿಯ ವೈನಿನ ಪಕ್ಕ ಇಟ್ಟು ತೂಗುವುದೇ ತಪ್ಪು.

ಹವ್ಯಾಸಕ್ಕೆ ವಿಮರ್ಶೆ ಬರೆಯುವವರು, ಅದರಲ್ಲೂ ಹಗಲೆಲ್ಲ ಪ್ರಯೋಗಾಲಯದಲ್ಲಿರುವ ವಿಜ್ಞಾನಿಗಳು, ಹೆಸರು ಕಾಣದಂತೆ ಬಾಟಲಿಗೆ ಕಾಗದ ಸುತ್ತಿಸಿ, ಬೇರೆಯವರಿಂದ ಸುರಿಸಿಕೊಳ್ಳಲಿ. ಸಾಲಿನಲ್ಲಿ ಒಂದೇ ವೈನಿನ ಎರಡು ಲೋಟಗಳು ಗುಟ್ಟಾಗಿ ಸೇರಿರಲಿ. ಎರಡಕ್ಕೂ ಅಂಕ ತೀರಾ ಬೇರೆಯಾದರೆ ಆ ದಿನದ ಪಟ್ಟಿಯನ್ನೇ ಬಿಸಾಡಬೇಕು. ಉಗಿಯಲು ಒಂದು ಪಾತ್ರೆಯನ್ನೂ ಮೇಳದವರು ಇಡಲಿ. ನುಂಗುತ್ತಾ ಹೋದರೆ ಆರನೆಯ ಲೋಟದ ಹೊತ್ತಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

— ಇಬ್ಬರು ಓದುಗರು, ಚಿಕ್ಕಬಳ್ಳಾಪುರ